ಗುಂಡು ಸುಳ್ಳು ಹೇಳಲ್ಲ, ಗುಂಡು ನೋಡಿದವರು?

ನ್ಯೂಸ್ ನೋಡುವ ನಮಗೆಲ್ಲ ಒಂದು ಮಾತು ಬಾಯಿಪಾಠ ಆಗಿಬಿಟ್ಟಿದೆ. ‘ಬ್ಯಾಲಿಸ್ಟಿಕ್ ರಿಪೋರ್ಟ್ ಬಂದಿದೆ, ಗುಂಡು ಮ್ಯಾಚ್ ಆಗಿದೆ.’ ಇಷ್ಟು ಕೇಳಿದರೆ ಸಾಕು, ಕೇಸು ಮುಗೀತು ಅಂದುಕೊಳ್ತೀವಿ. ಸಾಕ್ಷಿ ಹೇಳುವ ಮನುಷ್ಯ ಹೆದರಬಹುದು, ದುಡ್ಡಿಗೆ ಬೀಳಬಹುದು, ಉಲ್ಟಾ ಹೊಡೆಯಬಹುದು. ಗುಂಡು ಹಾಗಲ್ಲ, ಅದಕ್ಕೆ ಜಾತಿ ಇಲ್ಲ, ಪಾರ್ಟಿ ಇಲ್ಲ. ಸರಿ, ಒಪ್ಪೋಣ. ಆದರೆ ಗುಂಡಿಗೆ ಬಾಯಿಯೂ ಇಲ್ಲವಲ್ಲ ಸ್ವಾಮಿ? ಅದರ ಪರವಾಗಿ ಮಾತಾಡೋನು ಒಬ್ಬ ಮನುಷ್ಯನೇ. ಆ ಮನುಷ್ಯ ಕೆಲಸ ಹೇಗೆ ಮಾಡಿದ, ಬರೆದಿಟ್ಟನಾ, ಲಕೋಟೆ ಮೇಲೆ ಸರಿಯಾದ ನಂಬರ್ ಹಾಕಿದನಾ ಅಂತ ನಾವು ಯಾರೂ ಕೇಳಲ್ಲ.

ಕೇಳದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ರಾಬರ್ಟ್ ಕೆನಡಿ ಹತ್ಯೆ ಕೇಸಿಗಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಅಧ್ಯಕ್ಷ ಜಾನ್ ಕೆನಡಿ ಅಲ್ಲ, ಅವರ ತಮ್ಮ. ಅಣ್ಣನ ಹತ್ಯೆ ಬಗ್ಗೆ ಸಿನಿಮಾಗಳೇ ಬಂದಿವೆ, ಎಲ್ಲರಿಗೂ ಗೊತ್ತು. ತಮ್ಮನ ಕೇಸು ಅಷ್ಟು ಚರ್ಚೆಗೆ ಬರಲ್ಲ. ಆದರೆ ಬ್ಯಾಲಿಸ್ಟಿಕ್ ಸಾಕ್ಷ್ಯ ಅಂದರೆ ಏನು, ಅದು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ತಿಳಿಯೋಕೆ ತಮ್ಮನ ಕೇಸನ್ನೇ ನೋಡಬೇಕು.

ಮೊದಲು ಘಟನೆ. 1968ರ ಜೂನ್ 5, ಮಧ್ಯರಾತ್ರಿ ದಾಟಿ ಕೆಲವೇ ನಿಮಿಷ. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಗಾಗಿ ನಡೆದ ಕ್ಯಾಲಿಫೋರ್ನಿಯಾ ಚುನಾವಣೆಯನ್ನು ಕೆನಡಿ ಆಗಷ್ಟೇ ಗೆದ್ದಿದ್ದರು. ವಿಜಯದ ಭಾಷಣ ಮುಗಿಸಿ, ಜನಜಂಗುಳಿ ತಪ್ಪಿಸೋಕೆ ಅಡುಗೆಮನೆಯ ಪಕ್ಕದ ಇಕ್ಕಟ್ಟಾದ ಉಗ್ರಾಣದ ಮೂಲಕ ಹೊರಟರು. ಅಲ್ಲಿ ಹೋಟೆಲ್ ಕೆಲಸಗಾರರ ಕೈಕುಲುಕುತ್ತಿದ್ದಾಗ ಸಿರ್ಹಾನ್ ಸಿರ್ಹಾನ್ ಎಂಬ 24 ವರ್ಷದ ಪ್ಯಾಲೆಸ್ತೀನಿ ಮೂಲದ ಯುವಕ ಎದುರಿನಿಂದ ಬಂದು ಗುಂಡು ಹಾರಿಸಿದ. ಕೆನಡಿ ಬಿದ್ದರು, ಇನ್ನೂ ಐದು ಜನಕ್ಕೆ ಗುಂಡು ತಗುಲಿತು. ಸಿರ್ಹಾನ್‌ನನ್ನು ಸ್ಥಳದಲ್ಲೇ, ಕೈಯಲ್ಲಿ ಗನ್ ಇರುವಾಗಲೇ ಹಿಡಿದರು. ಮರುದಿನ, ಜೂನ್ 6ರ ಬೆಳಗಿನ ಜಾವ ಕೆನಡಿ ಕೊನೆಯುಸಿರೆಳೆದರು. ವಯಸ್ಸು 42.

ಇಂಥ ಕೇಸಲ್ಲಿ ಅನುಮಾನಕ್ಕೆ ಜಾಗ ಎಲ್ಲಿದೆ ಹೇಳಿ? ಹತ್ತಾರು ಜನ ಕಣ್ಣಾರೆ ಕಂಡಿದ್ದಾರೆ. ಆರೋಪಿ ರೆಡ್‌ಹ್ಯಾಂಡ್ ಆಗಿ ಸಿಕ್ಕಿದ್ದಾನೆ. ಗನ್ ಕೂಡ ಕೈಲಿದೆ. ಹಾಗಂತಲೇ ಎಲ್ಲರೂ ಅಂದುಕೊಂಡರು. ಪೊಲೀಸರು, ಸರ್ಕಾರಿ ವಕೀಲರು, ಕೊನೆಗೆ ಆರೋಪಿಯ ವಕೀಲರು ಕೂಡ. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಮುಂದೆ ಹೋಗೋ ಮೊದಲು, ಗುಂಡು ಮ್ಯಾಚ್ ಆಗುವುದು ಅಂದರೇನು ಅಂತ ಒಂದು ನಿಮಿಷ ನೋಡೋಣ. ಪಿಸ್ತೂಲಿನ ನಳಿಕೆಯ ಒಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದಿರ್ತಾರೆ. ಅದಕ್ಕೆ ರೈಫ್ಲಿಂಗ್ ಅಂತಾರೆ. ಗುಂಡು ಬುಗುರಿ ಥರ ತಿರುಗುತ್ತಾ ನೇರವಾಗಿ ಹೋಗಲಿ ಅಂತ ಈ ಏರ್ಪಾಡು. ಗುಂಡು ನಳಿಕೆಯಲ್ಲಿ ಉಜ್ಜಿಕೊಂಡು ಹೋಗುವಾಗ ಆ ಗೀರುಗಳ ಅಚ್ಚು ಅದರ ಮೈಮೇಲೆ ಬೀಳುತ್ತೆ. ಎಷ್ಟು ಗೀರು, ಎಷ್ಟು ಅಗಲ, ಎಡಕ್ಕೆ ತಿರುಗಿದೆಯೋ ಬಲಕ್ಕೆ ತಿರುಗಿದೆಯೋ, ಇವು ಒಂದೇ ಮಾಡೆಲ್‌ನ ಎಲ್ಲ ಗನ್‌ಗಳಿಗೂ ಸಮಾನ. ಇದರಿಂದ ‘ಈ ಜಾತಿಯ ಗನ್’ ಅಂತ ಹೇಳಬಹುದು, ‘ಇದೇ ಗನ್’ ಅಂತ ಹೇಳೋಕಾಗಲ್ಲ.

‘ಇದೇ ಗನ್’ ಅನ್ನಬೇಕಾದರೆ ಇನ್ನೂ ಸೂಕ್ಷ್ಮವಾದ ಗೆರೆಗಳನ್ನು ನೋಡಬೇಕು. ತಯಾರಾಗುವಾಗ ಕೊರೆಯುವ ಉಪಕರಣ ಬಿಟ್ಟ ಕಲೆ, ಬಳಸಿ ಬಳಸಿ ಆದ ಸವಕಲು, ತುಕ್ಕು, ಇವೆಲ್ಲ ಗನ್‌ನಿಂದ ಗನ್‌ಗೆ ಬೇರೆ. ಲ್ಯಾಬ್‌ನಲ್ಲಿ ಅದೇ ಗನ್‌ನಿಂದ ನೀರಿನ ತೊಟ್ಟಿಗೋ ಹತ್ತಿಯ ಪೆಟ್ಟಿಗೆಗೋ ಗುಂಡು ಹಾರಿಸ್ತಾರೆ. ಆ ಪರೀಕ್ಷಾ ಗುಂಡನ್ನೂ, ದೇಹದಿಂದ ತೆಗೆದ ಗುಂಡನ್ನೂ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಕೂಡಿಸಿ ನೋಡ್ತಾರೆ. ಕೊನೆಗೆ ‘ಹೌದು, ಒಂದೇ’ ಅಂತ ಹೇಳೋದು ಯಂತ್ರ ಅಲ್ಲ, ಆ ತಜ್ಞನ ಕಣ್ಣು. ಇಷ್ಟು ಗೆರೆ ಕೂಡಿದರೆ ಸಾಕು ಎನ್ನುವ ಎಲ್ಲರೂ ಒಪ್ಪಿದ ಲೆಕ್ಕ ಕೂಡ ಇಲ್ಲ. ಇದನ್ನು ನೆನಪಲ್ಲಿಟ್ಟುಕೊಳ್ಳಿ.

ಈಗ ಕೇಸಿಗೆ ಬನ್ನಿ. ಸಿರ್ಹಾನ್ ಕೈಯಲ್ಲಿದ್ದದ್ದು ಐವರ್ ಜಾನ್ಸನ್ ಕಂಪನಿಯ ಪಾಯಿಂಟ್ 22 ರಿವಾಲ್ವರ್. ಎಂಟು ಗುಂಡು ತುಂಬುತ್ತೆ, ಅಷ್ಟೇ. ಅವನಿಗೆ ಮತ್ತೆ ಲೋಡ್ ಮಾಡೋಕೆ ಸಮಯ ಸಿಗಲಿಲ್ಲ. ಅಂದರೆ ಆ ಕೋಣೆಯಲ್ಲಿ ಹಾರಿದ ಗುಂಡು ಎಂಟಕ್ಕಿಂತ ಒಂದು ಹೆಚ್ಚಾದರೂ ಅಲ್ಲಿ ಇನ್ನೊಂದು ಗನ್ ಇತ್ತು ಅಂತಾಗುತ್ತೆ. ಇಡೀ ಕೇಸು ಈ ಎಂಟರ ಲೆಕ್ಕದ ಮೇಲೆ ನಿಂತಿದೆ.

ಲಾಸ್ ಏಂಜಲೀಸ್ ಪೊಲೀಸ್ ಲ್ಯಾಬ್‌ನ ತಜ್ಞ ಡಿವೇನ್ ವೂಲ್ಫರ್ ಲೆಕ್ಕ ಕೊಟ್ಟರು. ಕೆನಡಿ ಅವರ ಬಲಗಿವಿಯ ಹಿಂದೆ ಒಂದು. ಬಲಗಂಕುಳ ಹತ್ತಿರ ಹೊಕ್ಕು ಕತ್ತಿನ ಬುಡದಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು. ಅಲ್ಲೇ ಹೊಕ್ಕು ಎದೆಯಿಂದ ಹೊರಬಂದು ಚಾವಣಿಯೊಳಗೆ ಕಳೆದುಹೋಗಿದ್ದು ಮತ್ತೊಂದು. ಕೋಟಿನ ಭುಜವನ್ನು ತೂರಿಕೊಂಡು ಹೋಗಿ ಕಾರ್ಮಿಕ ನಾಯಕ ಪಾಲ್ ಶ್ರೇಡ್ ಅವರ ಹಣೆಗೆ ಬಡಿದಿದ್ದು ನಾಲ್ಕನೆಯದು. ಉಳಿದ ನಾಲ್ವರು ಗಾಯಾಳುಗಳಿಗೆ ಒಂದೊಂದು. ಅದರಲ್ಲಿ ಒಂದು ಚಾವಣಿಗೆ ಬಡಿದು ವಾಪಸ್ ಬಂದು ತಗುಲಿದ್ದು. ಒಟ್ಟು ಎಂಟು. ಲೆಕ್ಕ ಸರಿಹೋಯ್ತು. ಆದರೆ ಎಷ್ಟು ಬಿಗಿಯಾಗಿದೆ ನೋಡಿ. ಗೋಡೆಯಲ್ಲೋ ಬಾಗಿಲ ಚೌಕಟ್ಟಿನಲ್ಲೋ ಇನ್ನೊಂದೇ ಒಂದು ಗುಂಡು ಸಿಕ್ಕರೂ ಈ ಲೆಕ್ಕ ಮಗುಚಿ ಬೀಳುತ್ತೆ.

ವೂಲ್ಫರ್ ಕೋರ್ಟಿನಲ್ಲಿ ಇನ್ನೊಂದು ಮಾತು ಹೇಳಿದರು. ಕೆನಡಿ ಅವರ ಕತ್ತಿನಿಂದ ತೆಗೆದ ಗುಂಡು ಮತ್ತು ಬೇರೆ ಇಬ್ಬರು ಗಾಯಾಳುಗಳ ದೇಹದಿಂದ ತೆಗೆದ ಗುಂಡುಗಳು ಸಿರ್ಹಾನ್ ಗನ್‌ನಿಂದಲೇ ಹಾರಿದ್ದು, ಪ್ರಪಂಚದ ಬೇರಾವ ಗನ್‌ನಿಂದಲೂ ಅಲ್ಲ ಎನ್ನುವ ಅರ್ಥದ ಖಚಿತ ಹೇಳಿಕೆ ಅದು. ಆರೋಪಿಯ ವಕೀಲರು ಅದನ್ನು ಪ್ರಶ್ನಿಸಲೇ ಇಲ್ಲ. ಯಾಕಂದರೆ ಅವರ ವಾದವೇ ಬೇರೆ ಇತ್ತು: ಗುಂಡು ಹಾರಿಸಿದ್ದು ನಮ್ಮವನೇ, ಆದರೆ ಅವನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ, ಗಲ್ಲಿನಿಂದ ಪಾರು ಮಾಡಿ ಅಂತ. ಅದಕ್ಕೇ ಗುಂಡಿನ ಗೊಡವೆಗೆ ಹೋಗಲಿಲ್ಲ. 1969ರ ಏಪ್ರಿಲ್‌ನಲ್ಲಿ ಮರಣದಂಡನೆ ಆಯ್ತು. 1972ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ ರಾಜ್ಯದ ಮರಣದಂಡನೆ ಕಾನೂನನ್ನೇ ರದ್ದು ಮಾಡಿದಾಗ ಅದು ಜೀವಾವಧಿಗೆ ಇಳಿಯಿತು.

ಮೊದಲ ಕಗ್ಗಂಟು ಇದ್ದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಮಾಡಿದವರು ಡಾ. ಥಾಮಸ್ ನೊಗುಚಿ. ಕೆನಡಿ ಅವರಿಗೆ ತಗುಲಿದ ಎಲ್ಲ ಗುಂಡುಗಳೂ ಹಿಂದಿನಿಂದ, ಬಲಗಡೆಯಿಂದ ಬಂದಿವೆ ಅಂತ ಅವರು ಬರೆದರು. ಪ್ರಾಣ ತೆಗೆದ ಗುಂಡು, ಕಿವಿ ಹಿಂದಿನದ್ದು, ಕೆಲವೇ ಇಂಚು ದೂರದಿಂದ ಹಾರಿದ್ದು. ಚರ್ಮದಲ್ಲಿ ಹುದುಗಿದ ಮದ್ದಿನ ಕಣಗಳೇ ಅದಕ್ಕೆ ಆಧಾರ. ಹಂದಿಯ ಕಿವಿಗಳ ಮೇಲೆ ಬೇರೆ ಬೇರೆ ದೂರದಿಂದ ಗುಂಡು ಹಾರಿಸಿ ಹೋಲಿಸಿಯೂ ನೋಡಿದರು. ಆದರೆ ಅಲ್ಲಿದ್ದ ಸಾಕ್ಷಿಗಳು ಹೇಳಿದ್ದೇನು? ಸಿರ್ಹಾನ್ ಇದ್ದದ್ದು ಮುಂದೆ, ಗನ್ ಇದ್ದದ್ದು ಅಡಿಗಳ ದೂರದಲ್ಲಿ. ಕೆನಡಿ ಅವರನ್ನು ಕೈಹಿಡಿದು ಕರೆದೊಯ್ಯುತ್ತಿದ್ದ, ಮೊದಲು ಸಿರ್ಹಾನ್ ಮೇಲೆ ಬಿದ್ದ ಹೋಟೆಲ್ ಸಿಬ್ಬಂದಿ ಕೂಡ ಗನ್ ಅಷ್ಟು ಹತ್ತಿರ ಬಂದೇ ಇಲ್ಲ ಅಂದರು.

ಇದಕ್ಕೆ ಉತ್ತರ ಇಲ್ಲ ಅಂತಲ್ಲ. ಕೈಕುಲುಕೋಕೆ ಕೆನಡಿ ಪಕ್ಕಕ್ಕೆ ತಿರುಗಿದ್ದರು, ಹಾಗಾಗಿ ಬೆನ್ನಿನ ಬಲಭಾಗ ಸಿರ್ಹಾನ್ ಕಡೆಗಿತ್ತು ಅಂತಾರೆ. ಗಲಾಟೆಯಲ್ಲಿ, ಕೆಲವೇ ಸೆಕೆಂಡಿನಲ್ಲಿ ನಡೆದ ಘಟನೆಯ ದೂರವನ್ನು ಯಾರು ತಾನೇ ಅಳೆದಾರು ಅಂತಾರೆ. ಎರಡೂ ನ್ಯಾಯವಾದ ಮಾತುಗಳೇ. ಹಾಗಾಗಿಯೇ ಗುಂಡಿನ ಪರೀಕ್ಷೆ ಅಷ್ಟು ಮುಖ್ಯ ಆಗಿದ್ದು. ಕಣ್ಣಿನ ಸಾಕ್ಷಿ ಮತ್ತು ದೇಹದ ಸಾಕ್ಷಿ ಒಂದಕ್ಕೊಂದು ಹೊಂದದಿದ್ದಾಗ, ತೀರ್ಮಾನ ಮಾಡಬೇಕಾದ್ದು ಗುಂಡೇ.

ಆಗ ಬಂತು ಲಕೋಟೆಯ ಕಥೆ. ಸಿರ್ಹಾನ್ ಗನ್‌ನ ಸೀರಿಯಲ್ ನಂಬರ್ ಎಚ್ 53725. ವೂಲ್ಫರ್ ಕೋರ್ಟಿಗೆ ಕೊಟ್ಟ ಪರೀಕ್ಷಾ ಗುಂಡುಗಳ ಲಕೋಟೆ ಮೇಲೆ ಬರೆದಿದ್ದ ಗನ್ ನಂಬರ್ ಎಚ್ 18602. ಬೇರೆಯದೇ ಗನ್! ಅದೇ ಕಂಪನಿ, ಅದೇ ಜಾತಿ, ಆದರೆ ಬೇರೆ ಗನ್. ಸಿರ್ಹಾನ್ ಗನ್ ಗ್ರ್ಯಾಂಡ್ ಜ್ಯೂರಿ ವಶದಲ್ಲಿದ್ದಾಗ ಶಬ್ದ ಮತ್ತು ದೂರದ ಪರೀಕ್ಷೆಗೆ ಅಂತ ಪೊಲೀಸರು ತಮ್ಮ ಬಳಿಯಿದ್ದ ಆ ಗನ್ ಬಳಸಿದ್ದರು. ನಂಬರ್ ಬರೆಯುವಾಗ ತಪ್ಪಾಗಿದೆ, ಗುಂಡುಗಳು ಸಿರ್ಹಾನ್ ಗನ್‌ನವೇ ಅನ್ನೋದು ವೂಲ್ಫರ್ ಸಮಜಾಯಿಷಿ. ಇರಬಹುದು. ಕೈತಪ್ಪು ಯಾರಿಗೂ ಆಗುತ್ತೆ. ಸರಿ, ಆ ಎರಡನೇ ಗನ್ ತನ್ನಿ, ಹೋಲಿಸಿ ನೋಡೋಣ ಅಂದರೆ, ಅದನ್ನು ಪೊಲೀಸರು ಆಗಲೇ ನಾಶ ಮಾಡಿಯಾಗಿತ್ತು.

1970ರಲ್ಲಿ ಪ್ಯಾಸಡೀನಾದ ಅನುಭವಿ ತಜ್ಞ ವಿಲಿಯಂ ಹಾರ್ಪರ್ ಕೋರ್ಟಿನ ದಾಖಲೆಯಲ್ಲಿದ್ದ ಗುಂಡುಗಳನ್ನು ವಿಶೇಷ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಪರೀಕ್ಷಿಸಿದರು. ಕೆನಡಿ ಕತ್ತಿನ ಗುಂಡು, ಇನ್ನೊಬ್ಬ ಗಾಯಾಳುವಿನ ಗುಂಡು ಒಂದೇ ಗನ್‌ನಿಂದ ಬಂದಂತೆ ಕಾಣಲ್ಲ ಅಂತ ಪ್ರಮಾಣಪತ್ರ ಕೊಟ್ಟರು. ನೋಡಿ, ಅದೇ ಗುಂಡುಗಳು. ಒಬ್ಬ ತಜ್ಞ ಒಂದೇ ಗನ್ ಅಂತ ಆಣೆ ಮಾಡಿ ಹೇಳಿದ. ಇನ್ನೊಬ್ಬ ತಜ್ಞ ಅಲ್ಲ ಅಂತ ಆಣೆ ಮಾಡಿ ಹೇಳಿದ. ಜನ ಯಾರನ್ನು ನಂಬಬೇಕು?

ಪಾಲ್ ಶ್ರೇಡ್ ಅವರಂಥವರು ಕೋರ್ಟಿನ ಬಾಗಿಲು ಬಡಿದ ಮೇಲೆ, 1975ರಲ್ಲಿ ಏಳು ಜನ ಗನ್ ತಜ್ಞರ ತಂಡ ರಚನೆ ಆಯ್ತು. ಗನ್ ಮತ್ತೆ ಹಾರಿಸಿದರು, ಒಬ್ಬೊಬ್ಬರೂ ಬೇರೆ ಬೇರೆ ನೋಡಿದರು, ಕೊನೆಗೆ ಜಂಟಿ ವರದಿಯನ್ನೂ ಕೊಟ್ಟರು. ವರದಿಯಲ್ಲಿ ಎರಡು ಮಾತು ಇದ್ದವು. ಒಂದು, ಎರಡನೇ ಗನ್ ಇತ್ತು ಅನ್ನೋದಕ್ಕೆ ಈ ಗುಂಡುಗಳಲ್ಲಿ ಗಟ್ಟಿ ಆಧಾರ ಇಲ್ಲ. ಎರಡು, ಈ ಗುಂಡುಗಳು ಸಿರ್ಹಾನ್ ಗನ್‌ನಿಂದಲೇ ಹಾರಿದವು ಅಂತ ಖಚಿತವಾಗಿ ಹೇಳೋಕೂ ಸಾಧ್ಯವಿಲ್ಲ. ನಳಿಕೆಯೊಳಗೆ ಸೀಸ ಮೆತ್ತಿಕೊಂಡಿತ್ತು, ಸೂಕ್ಷ್ಮ ಗೆರೆಗಳು ಒಂದೇ ಥರ ಮೂಡುತ್ತಿರಲಿಲ್ಲ.

ಸುದ್ದಿಯಲ್ಲಿ ದೊಡ್ಡದಾಗಿ ಕಂಡಿದ್ದು ಮೊದಲನೇ ಮಾತು. ಎರಡನೇ ಗನ್ ಇಲ್ಲ, ಕಥೆ ಮುಗೀತು ಅಂತ ಜನ ತಿಳಿದರು. ಆದರೆ ಎರಡನೇ ಮಾತಿನ ತೂಕ ಕಡಿಮೆಯೇ? ಒಬ್ಬ ಮನುಷ್ಯನಿಗೆ ಗಲ್ಲು ವಿಧಿಸಿದ ಕೇಸಿನಲ್ಲಿ ‘ಬೇರಾವ ಗನ್ನೂ ಅಲ್ಲ, ಇದೇ’ ಎಂದು ತಜ್ಞ ಕೊಟ್ಟ ಹೇಳಿಕೆಯನ್ನು ಏಳು ತಜ್ಞರು ಸೇರಿಯೂ ಸಮರ್ಥಿಸೋಕೆ ಆಗಲಿಲ್ಲ. ಮುಂದೆ ಸರ್ಕಾರವೇ ನೇಮಿಸಿದ ವಿಶೇಷ ವಕೀಲ ಥಾಮಸ್ ಕ್ರಾಂಜ್ ಕೂಡ ಸಿರ್ಹಾನ್ ಒಬ್ಬನೇ ಅಂತ ಹೇಳುತ್ತಲೇ, ವೂಲ್ಫರ್ ಸರಿಯಾಗಿ ದಾಖಲೆ ಬರೆದಿಟ್ಟಿಲ್ಲ ಅಂತ ಟೀಕಿಸಿದರು.

ಇನ್ನೊಂದು ಕೇಳಿ. ಗುಂಡು ತೂತು ಬಿದ್ದಿದ್ದ ಚಾವಣಿಯ ಹಲಗೆಗಳು, ತೂತು ಇತ್ತು ಅಂತ ಅನುಮಾನ ಇದ್ದ ಬಾಗಿಲ ಚೌಕಟ್ಟುಗಳು ಪೊಲೀಸರ ವಶದಲ್ಲಿದ್ದವು. ಚೌಕಟ್ಟಿನಲ್ಲಿ ಗುಂಡಿನ ತೂತುಗಳಿವೆ ಅಂತ ಸೂಚಿಸುವ ಅಡಿಬರಹದ ಫೋಟೋಗಳು ಎಫ್‌ಬಿಐ ಕಡತದಲ್ಲಿದ್ದವು. ಎಂಟರ ಲೆಕ್ಕ ಸರಿಯೋ ತಪ್ಪೋ ಅಂತ ಹೇಳಬಲ್ಲ ಮುದ್ದೆಮಾಲು ಅದೇ. ತೀರ್ಪು ಬಂದು ಕೆಲವೇ ತಿಂಗಳಲ್ಲಿ, 1969ರಲ್ಲಿ, ಮೇಲ್ಮನವಿ ಇನ್ನೂ ಬಾಕಿ ಇರುವಾಗಲೇ ಅದನ್ನು ನಾಶ ಮಾಡಿದ್ದರು. ಹಾಗೆ ಮಾಡಿದ್ದು ಜನಕ್ಕೆ ಗೊತ್ತಾಗಿದ್ದು 1975ರಲ್ಲಿ!

ಇಲ್ಲಿ ನಾನು ಒಂದು ಗೆರೆ ಎಳೀತೀನಿ. ಇದನ್ನೆಲ್ಲ ಕೇಳಿದ ಕೂಡಲೇ ‘ಹಾಗಾದರೆ ಕೊಂದವನು ಬೇರೆಯೇ’ ಅಂತ ಹಾರಬೇಡಿ. ಸಿರ್ಹಾನ್ ಗುಂಡು ಹಾರಿಸಿದ್ದು ನಿಜ, ಐವರು ಗಾಯಾಳುಗಳ ರಕ್ತ ಹರಿದದ್ದು ನಿಜ. ಒಬ್ಬ ಪತ್ರಕರ್ತ ಆ ರಾತ್ರಿ ಮಾಡಿದ ಆಡಿಯೋ ರೆಕಾರ್ಡಿಂಗ್ ಕೇಳಿ 13 ಗುಂಡಿನ ಸದ್ದಿದೆ ಅಂತ ಒಬ್ಬ ಎಂಜಿನಿಯರ್ ಹೇಳಿದ್ದಾರೆ. ಅದೇ ರೆಕಾರ್ಡಿಂಗ್ ಕೇಳಿದ ಬೇರೆ ತಜ್ಞರು ಒಪ್ಪಿಲ್ಲ. ಕೆನಡಿ ಹಿಂದೆ ಇದ್ದ ಒಬ್ಬ ಸೆಕ್ಯೂರಿಟಿ ಗಾರ್ಡ್ ಮೇಲೆ ಜನ ಅನುಮಾನದ ಬೆರಳು ತೋರಿಸಿದರು. ಆತನ ಮೇಲೆ ಯಾವ ಕೇಸೂ ಆಗಲಿಲ್ಲ, ಆದರೂ ಸಾಯುವವರೆಗೂ ಆ ಹಣೆಪಟ್ಟಿ ತಪ್ಪಲಿಲ್ಲ. ಲ್ಯಾಬ್‌ನ ಒಂದು ತಪ್ಪು ಲಕೋಟೆ ಎಷ್ಟು ಜನರ ಬದುಕಿಗೆ ಬೆಂಕಿ ಇಡಬಹುದು ಅನ್ನೋದಕ್ಕೆ ಇದು ಸಾಕ್ಷಿ. ಸಂಶಯ ಹುಟ್ಟಿಸಿದ್ದು ಪಿತೂರಿಗಾರರು ಅಂತ ಬೈಯೋದು ಸುಲಭ. ಅವರಿಗೆ ಅಷ್ಟು ಸಾಮಗ್ರಿ ಕೊಟ್ಟವರು ಯಾರು?

ಅಣ್ಣನ ಕೇಸಿನಲ್ಲೂ ಹೀಗೇ ಒಂದು ಆಯ್ತು. 1978ರಲ್ಲಿ ವಿಜ್ಞಾನಿ ವಿನ್ಸೆಂಟ್ ಗಿನ್ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಗುಂಡಿನ ಸೀಸದಲ್ಲಿರುವ ಆಂಟಿಮನಿ ಪ್ರಮಾಣ ಅಳೆದು, ಯಾವ ಚೂರು ಯಾವ ಗುಂಡಿನದ್ದು ಅಂತ ಹೇಳಿದರು. ಆಗ ಅದೇ ಕೊನೇ ಮಾತು ಅನ್ನಿಸಿತ್ತು. ಸೀಸದ ರಾಸಾಯನಿಕ ಹೋಲಿಕೆಯನ್ನು ಎಫ್‌ಬಿಐ ದಶಕಗಳ ಕಾಲ ಕೋರ್ಟುಗಳಲ್ಲಿ ಬಳಸಿತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಹೋಲಿಕೆಯಿಂದ ಅಷ್ಟು ಖಚಿತವಾಗಿ ಹೇಳಲಾಗದು ಅಂತ ವರದಿ ಕೊಟ್ಟಿತು. ಮರುವರ್ಷ, 2005ರಲ್ಲಿ, ಎಫ್‌ಬಿಐ ಆ ಪರೀಕ್ಷೆಯನ್ನೇ ನಿಲ್ಲಿಸಿತು. ಇನ್ನು ನಳಿಕೆಯ ಗೆರೆ ಹೋಲಿಸುವ ವಿದ್ಯೆಯ ವಿಷಯ. ತಪ್ಪಾಗುವ ಪ್ರಮಾಣ ಎಷ್ಟು ಅಂತ ಸರಿಯಾಗಿ ಅಳೆದಿಲ್ಲ, ‘ಇದೊಂದೇ ಗನ್’ ಎಂಬ ಮಾತಿಗೆ ಬೇಕಾದ ಬುನಾದಿ ಸಾಲದು ಅಂತ 2009 ಮತ್ತು 2016ರ ಎರಡು ದೊಡ್ಡ ಅಮೆರಿಕನ್ ವರದಿಗಳು ಆಕ್ಷೇಪ ಎತ್ತಿದವು. ಗನ್ ತಜ್ಞರು ಇದನ್ನು ಬಲವಾಗಿ ವಿರೋಧಿಸಿದ್ದಾರೆ. ಆ ಚರ್ಚೆ ಇನ್ನೂ ನಡೀತಿದೆ.

ನಮಗ್ಯಾಕೆ ಅಮೆರಿಕದ ಉಸಾಬರಿ ಅಂತೀರಾ? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಎರಡೂ ಹತ್ಯೆಗೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ಎಫ್‌ಎಸ್‌ಎಲ್ ವರದಿ ಹೇಳಿತು, ತನಿಖೆಗೆ ದೊಡ್ಡ ಕೊಂಡಿ ಆಗಿದ್ದು ಅದೇ. ಅದು ಕೋರ್ಟಿನ ವಿಷಯ, ನಾನು ಇಲ್ಲಿ ತೀರ್ಪು ಕೊಡಲ್ಲ. ಆದರೆ ಪುಣೆಯ ನರೇಂದ್ರ ದಾಭೋಲ್ಕರ್ ಕೇಸಿನಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ಮುಂಬೈ ಲ್ಯಾಬ್ ಮತ್ತು ಬೆಂಗಳೂರು ಲ್ಯಾಬ್ ವರದಿಗಳು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಸಿಬಿಐ ಬಾಂಬೆ ಹೈಕೋರ್ಟಿಗೆ ಹೇಳಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅಭಿಪ್ರಾಯ ಕೇಳ್ತೀವಿ ಅಂತ ಕಾಯಿಸಿತು. ಅಲ್ಲಿಂದ ಸಹಾಯ ಸಿಗಲಿಲ್ಲ. ಕಾಲ ಮಾತ್ರ ಕಳೀತು. ಕೊಲೆಯಾದವರ ಮನೆಯವರಿಗೆ ಒಂದೊಂದು ತಿಂಗಳೂ ಹೇಗೆ ಕಳೆದಿರಬೇಕು, ಯೋಚಿಸಿ.

ನಮ್ಮ ಕಾನೂನು ಇದಕ್ಕೆ ಏನು ಹೇಳುತ್ತೆ? ತಜ್ಞನ ಮಾತು ಅಭಿಪ್ರಾಯ ಅಷ್ಟೇ. ಹಳೇ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಬಳಸುವ ಪದವೇ ಅಭಿಪ್ರಾಯ. ಅದನ್ನು ಒಪ್ಪೋದು ಬಿಡೋದು ಜಡ್ಜ್‌ಗೆ ಸೇರಿದ್ದು. ಆದರೆ ಇನ್ನೊಂದು ಸೆಕ್ಷನ್ ಇದೆ, ಹಳೇ ಸಿಆರ್‌ಪಿಸಿಯ 293, ಈಗ ಬಿಎನ್‌ಎಸ್‌ಎಸ್‌ನ 329. ಅದರ ಪ್ರಕಾರ ಸರ್ಕಾರಿ ಲ್ಯಾಬ್‌ನ ಕೆಲವು ಅಧಿಕಾರಿಗಳ ವರದಿಯನ್ನು ಅವರನ್ನು ಕಟಕಟೆಗೆ ಕರೆಯದೆಯೇ ಸಾಕ್ಷ್ಯವಾಗಿ ಬಳಸಬಹುದು. ಕರೆಸುವ ಅಧಿಕಾರ ಕೋರ್ಟಿಗೆ ಇದ್ದೇ ಇದೆ. ಯಾರೂ ಕೇಳದಿದ್ದರೆ ಕಾಗದ ಮಾತ್ರ ಬರುತ್ತೆ, ಕಾಗದಕ್ಕೆ ಪಾಟೀಸವಾಲು ಮಾಡೋಕಾಗುತ್ತಾ?

ಹಾಗಾಗಿ ಮುಂದಿನ ಸಲ ನಮ್ಮ ಸ್ಕ್ರೀನ್ ಮೇಲೆ, ನನ್ನದೇ ಬಾಯಿಂದ, ‘ಗುಂಡು ಮ್ಯಾಚ್ ಆಗಿದೆ’ ಅಂತ ಬಂದರೆ ನೀವು ನಾಲ್ಕು ಪ್ರಶ್ನೆ ಕೇಳಿ. ಮ್ಯಾಚ್ ಆಗಿದ್ದು ಗನ್‌ನ ಜಾತಿಯೋ, ಅದೇ ಗನ್ನೋ? ಗುಂಡು ದೇಹದಿಂದ ತೆಗೆದ ಕ್ಷಣದಿಂದ ಲ್ಯಾಬ್ ಮೇಜಿನವರೆಗೆ ಯಾರ್ಯಾರ ಕೈ ದಾಟಿತು, ಪ್ರತಿ ಕೈಯ ಸಹಿ ಇದೆಯಾ? ಮೊದಲ ತಜ್ಞನ ಉತ್ತರ ಗೊತ್ತಿಲ್ಲದ ಇನ್ನೊಬ್ಬ ತಜ್ಞ ಮತ್ತೆ ನೋಡಿದನಾ? ಫೋಟೋ, ಟಿಪ್ಪಣಿ, ಗುಂಡು, ಗನ್ ಎಲ್ಲ ಮುಂದೆ ಯಾರಾದರೂ ಪರೀಕ್ಷಿಸುವ ಹಾಗೆ ಉಳಿದಿವೆಯಾ? ಈ ನಾಲ್ಕಕ್ಕೆ ಉತ್ತರ ಇದ್ದರೆ ಆ ವರದಿಯನ್ನು ಧೈರ್ಯವಾಗಿ ನಂಬಿ. ಪ್ರಾಮಾಣಿಕ ತಜ್ಞನಿಗೆ ಈ ಪ್ರಶ್ನೆಗಳಿಂದ ಅವಮಾನ ಆಗಲ್ಲ. ಅವನ ಕೆಲಸಕ್ಕೆ ಇವೇ ಕಾವಲು.

ಪಾಲ್ ಶ್ರೇಡ್ ಅವರ ಮಾತಿನೊಂದಿಗೆ ಮುಗಿಸ್ತೀನಿ. ಹಣೆಗೆ ಗುಂಡು ಬಿದ್ದ ಮನುಷ್ಯ ಅವರು. ಸಿರ್ಹಾನ್ ಮೇಲೆ ಸಿಟ್ಟಿರೋಕೆ ಅವರಷ್ಟು ಹಕ್ಕು ಯಾರಿಗಿತ್ತು? 2016ರಲ್ಲಿ, 91ರ ವಯಸ್ಸಿನಲ್ಲಿ, ಸಿರ್ಹಾನ್ ಪೆರೋಲ್ ವಿಚಾರಣೆಗೆ ಹೋಗಿ, ನನಗೆ ಹೊಡೆದದ್ದು ಇವನೇ, ಆದರೆ ಕೆನಡಿಯನ್ನು ಕೊಂದದ್ದು ಇವನ ಗುಂಡಲ್ಲ ಅಂತ ವಾದಿಸಿದರು. ಅವರ ನಂಬಿಕೆ ಸರಿಯೇ ಇರಬೇಕೆಂದಿಲ್ಲ. ಪೆರೋಲ್ ಮಂಡಳಿ ಆಗ ಒಪ್ಪಲಿಲ್ಲ. 2021ರಲ್ಲಿ ಬಿಡುಗಡೆಗೆ ಶಿಫಾರಸು ಬಂದರೂ 2022ರ ಜನವರಿಯಲ್ಲಿ ಗವರ್ನರ್ ತಳ್ಳಿಹಾಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಶ್ರೇಡ್ ತೀರಿಕೊಂಡರು. ದಶಕಗಳ ಕಾಲ ಅವರು ಕೇಳಿದ್ದು ಇಷ್ಟೇ: ಲೆಕ್ಕ ತೋರಿಸಿ. ಆ ಲೆಕ್ಕ ತೋರಿಸಬಲ್ಲ ಹಲಗೆಗಳು 1969ರಲ್ಲೇ ನಾಶವಾಗಿದ್ದವು.